ನಕ್ಷೆಯಲ್ಲಿ ಹಸಿರು, ನೆಲದಲ್ಲಿ ಪ್ಲಾಸ್ಟಿಕ್

ಮುಂಬಯಿಯ 2034ರ ಅಭಿವೃದ್ಧಿ ಯೋಜನೆಯ ನಕ್ಷೆಯನ್ನು ನಿಮ್ಮಲ್ಲಿ ಎಷ್ಟು ಮಂದಿ ತೆರೆದು ನೋಡಿದ್ದೀರಿ? ಫ್ಲ್ಯಾಟು ಕೊಳ್ಳುವಾಗ ಬಿಲ್ಡರ್ ತೋರಿಸುವ ಬಣ್ಣದ ಹಾಳೆಯಲ್ಲ, ಮಹಾನಗರಪಾಲಿಕೆಯ ಅಸಲು ನಕ್ಷೆ. ನಮ್ಮ ರಸ್ತೆ, ನಾಲಾ, ಶಾಲೆ, ಆಸ್ಪತ್ರೆ ಎಲ್ಲವೂ ಅದರಲ್ಲಿ ಗೆರೆಗಳಾಗಿ ಕೂತಿವೆ. ನಡುನಡುವೆ ಅಲ್ಲೊಂದು ಇಲ್ಲೊಂದು ಹಸಿರು ತುಣುಕು. ಅವು ಉದ್ಯಾನ ಮತ್ತು ಆಟದ ಮೈದಾನಗಳು.

ನಾನು ವಿಕ್ರೋಳಿಯ ಹಾಳೆ ಹುಡುಕಿದ್ದು ಮನೆ ಕೊಳ್ಳಲಿಕ್ಕಲ್ಲ. ನಮ್ಮ ಮನೆಯ ಆಸುಪಾಸಿನ ಶಾಲೆಯೊಂದು ತನ್ನ ಮಣ್ಣಿನ ಮೈದಾನವನ್ನು ‘ಸ್ಪೋರ್ಟ್ಸ್ ಫೆಸಿಲಿಟಿ’ ಮಾಡಲು ಹೊರಟಿತ್ತು. ನೆಲಕ್ಕೆ ಕೃತಕ ಹುಲ್ಲು, ನಾಲ್ಕೂ ಬದಿಗೆ ಎತ್ತರದ ಬಲೆ, ಕಂಬಗಳ ಮೇಲೆ ಫ್ಲಡ್‌ಲೈಟು. ಅಂಚಿನಲ್ಲಿದ್ದ ಹಳೆಯ ಮರಗಳಲ್ಲಿ ಕೆಲವು ಹೋಗಬೇಕು. ಹಗಲು ಶಾಲೆಯ ಮಕ್ಕಳಿಗೆ, ಸಂಜೆ ಏಳರ ಮೇಲೆ ಗಂಟೆ ಲೆಕ್ಕದ ಬಾಡಿಗೆಗೆ. ನಕ್ಷೆಯಲ್ಲಿ ನೋಡಿದರೆ ಆ ಜಾಗ ಆಟದ ಮೈದಾನ. ಕೆಲಸ ಮುಗಿದ ಮೇಲೂ ಅದು ಆಟದ ಮೈದಾನವೇ. ಕಾಗದದಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ, ನೆಲದ ಮೇಲೆ ಮಾತ್ರ ಎಲ್ಲವೂ ಬದಲಾಗುತ್ತದೆ. ನಾನು ಹೇಳಹೊರಟಿರುವುದು ಈ ಅಂತರದ ಬಗ್ಗೆ.

ಕಟ್ಟಡದಿಂದ ಕಾಪಾಡುವ ಕಾನೂನು

ಮೈದಾನದ ಮೇಲೆ ಕಟ್ಟಡ ಏಳುವುದನ್ನು ತಡೆಯಲು ನಮ್ಮಲ್ಲಿ ಕಾನೂನಿನ ಬಲ ಸಾಕಷ್ಟಿದೆ. ಅದರಲ್ಲಿ ಬಹುಮುಖ್ಯವಾದ ತೀರ್ಪು ಹುಟ್ಟಿದ್ದು ಕನ್ನಡ ನೆಲದಲ್ಲಿಯೇ ಎಂಬುದು ಅನೇಕರಿಗೆ ಗೊತ್ತಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವೊಂದನ್ನು ಎಪ್ಪತ್ತರ ದಶಕದಲ್ಲಿ ಸರ್ಕಾರದ ಸೂಚನೆಯ ಮೇಲೆ ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಡಲಾಯಿತು. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಿನ ಆ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರ ನಿಂತಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ, ಆದರೆ ಉದ್ಯಾನಕ್ಕೆಂದು ಮೀಸಲಿಟ್ಟ ನೆಲವನ್ನು ಅದಕ್ಕಾಗಿ ಕೊಡಲಾಗದು, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗಿದೆ ಎಂಬುದು ತೀರ್ಪಿನ ತಿರುಳು. ಈಗಲೂ ದೇಶದ ಯಾವ ಮೂಲೆಯಲ್ಲಿ ಪಾರ್ಕು, ಮೈದಾನದ ತಕರಾರು ಎದ್ದರೂ ವಕೀಲರು ಮುದ್ದಪ್ಪ ಪ್ರಕರಣದ ಹೆಸರೆತ್ತುತ್ತಾರೆ.

ಶಾಲೆಯ ಮೈದಾನಕ್ಕೆ ಇನ್ನೂ ಎರಡು ರಕ್ಷೆಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಲ್ಲಿ ಆಟದ ಮೈದಾನವೂ ಒಂದು. 2023ರ ಮಾರ್ಚಿನಲ್ಲಿ ಹರಿಯಾಣದ ಭಗವಾನ್‌ಪುರ ಎಂಬ ಹಳ್ಳಿಯ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. ಶಾಲೆಯ ಆಟದ ಜಾಗವನ್ನು ಒತ್ತುವರಿ ಮಾಡಿಕೊಂಡವರಿಂದ ಬೆಲೆ ಕಟ್ಟಿಸಿಕೊಂಡು ಅದನ್ನು ಸಕ್ರಮ ಮಾಡಲು ಹೈಕೋರ್ಟು ಒಪ್ಪಿತ್ತು. ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ನಮ್ಮವರೇ ಆದ ಬಿ.ವಿ. ನಾಗರತ್ನ ಅವರ ಪೀಠ ಆ ಆದೇಶವನ್ನು ರದ್ದು ಮಾಡಿತು. ಮೈದಾನವಿಲ್ಲದೆ ಶಾಲೆ ಇರಕೂಡದು ಎಂದಿತು.

ಆದರೆ ಈ ಎಲ್ಲ ಕಾನೂನುಗಳೂ ಕೇಳುವುದು ಒಂದೇ ಪ್ರಶ್ನೆ: ಆಟದ ಜಾಗ ಆಟಕ್ಕೇ ಉಳಿದಿದೆಯೇ? ಉಳಿದಿದೆ ಎಂದಾದರೆ ಅವುಗಳ ಕೆಲಸ ಮುಗಿಯಿತು. ಆಟದ ಹೆಸರಿನಲ್ಲಿಯೇ ನೆಲ ಹಾಳಾಗುತ್ತಿದ್ದರೆ ಏನು ಮಾಡುವುದು?

ಆಟ ನುಂಗಿದ ಕೆರೆಗಳು

ಇದಕ್ಕೂ ಉದಾಹರಣೆ ಬೇಕಿದ್ದರೆ ಬೆಂಗಳೂರಿಗೇ ಹೋಗಬೇಕು. ಕಂಠೀರವ ಕ್ರೀಡಾಂಗಣ ಇರುವ ಜಾಗ ಒಂದು ಕಾಲದ ಸಂಪಂಗಿ ಕೆರೆ. ಕರಗದ ಆಚರಣೆಗೆಂದು ಉಳಿಸಿಕೊಂಡ ಚಿಕ್ಕ ಹೊಂಡವೊಂದೇ ಈಗ ಅದರ ಗುರುತು. ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲೆ ಹಾಕಿ ಕ್ರೀಡಾಂಗಣ ಬಂತು. ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣವಾಯಿತು. ಚಲ್ಲಘಟ್ಟ ಕೆರೆ ಗಾಲ್ಫ್ ಅಂಗಳವಾಯಿತು. ಇವುಗಳಲ್ಲಿ ಯಾವುದೂ ಮಾಲ್ ಅಲ್ಲ, ಅಪಾರ್ಟ್‌ಮೆಂಟ್ ಅಲ್ಲ. ಎಲ್ಲವೂ ಆಟಕ್ಕಾಗಿಯೇ ಆದವು. ಆದ್ದರಿಂದಲೇ ಅಂದು ದೊಡ್ಡ ವಿರೋಧ ಏಳಲಿಲ್ಲ. ಕ್ರೀಡೆ ಬೇಡ ಎಂದು ಯಾರು ತಾನೇ ಹೇಳುತ್ತಾರೆ? ಇಂದು ಮಳೆ ಬಂದಾಗ ಬೆಂಗಳೂರಿನ ನೀರು ತನ್ನ ಹಳೆಯ ಮನೆ ಹುಡುಕಿಕೊಂಡು ರಸ್ತೆಗೆ ಬರುತ್ತಿದೆ.

ಒಂದು ಶಾಲೆಯ ಅಂಗಳ ಕೆರೆಯಷ್ಟು ದೊಡ್ಡದಲ್ಲ, ನಿಜ. ಆದರೆ ಕೆರೆಗಳೇ ಇಲ್ಲದಂತಾದ ಪೇಟೆಯಲ್ಲಿ ಮಳೆನೀರು ಕುಡಿಯುವ ನೆಲವೆಂದು ಉಳಿದಿರುವುದು ಇಂತಹ ಅಂಗಳಗಳೇ.

ವಿಕ್ರೋಳಿಯ ನೀರು

ವಿಕ್ರೋಳಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ಒಮ್ಮೆ ನಡೆದು ನೋಡಿ. ಆ ಬದಿ ಪಾರ್ಕ್‌ಸೈಟ್ ಗುಡ್ಡ. ಅಲ್ಲಿಂದ ಇಳಿದರೆ ಎಲ್‌ಬಿಎಸ್ ರಸ್ತೆ, ರೈಲು ಹಳಿ, ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ. ಅದರಾಚೆ ಠಾಣೆ ಖಾಡಿಯ ಕಾಂಡ್ಲಾ ಕಾಡು. ಗುಡ್ಡದ ನೀರು ಈ ಎಲ್ಲವನ್ನೂ ದಾಟಿ ಖಾಡಿ ಸೇರಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಈ ಊರು ಏನಾಯಿತೆಂದು ಹಳಬರನ್ನು ಕೇಳಿದರೆ ತಿಳಿಯುತ್ತದೆ. 2021ರ ಜುಲೈಯಲ್ಲಿ ಸೂರ್ಯನಗರದಲ್ಲಿ ಗುಡ್ಡದ ಮಣ್ಣು ಮನೆಗಳ ಮೇಲೆ ಕುಸಿದು ಜನ ಸತ್ತರು.

ಲೆಕ್ಕ ಸುಲಭ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 60 ಮೀಟರ್ ಉದ್ದ, 40 ಮೀಟರ್ ಅಗಲದ ಮೈದಾನದ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ 2,40,000 ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಾದರೆ ಇಪ್ಪತ್ತನಾಲ್ಕು. ಮುಂಬಯಿಯ ಜುಲೈಯಲ್ಲಿ ಅಂತಹ ದಿನಗಳು ಅಪರೂಪವಲ್ಲ. ಮಣ್ಣಿನ ಮೈದಾನ ಅದರಲ್ಲಿ ಒಂದಷ್ಟನ್ನು ಕುಡಿಯುತ್ತದೆ, ಉಳಿದದ್ದನ್ನು ಕೆಸರಾಗಿ ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಕಾಂಕ್ರೀಟು ಹಾಕಿ ಅದರ ಮೇಲೆ ಟರ್ಫ್ ಹಾಸಿದರೆ ಅಷ್ಟೂ ನೀರು ಕೂಡಲೇ ಪಕ್ಕದ ಗಟಾರಕ್ಕೆ ಹೋಗಬೇಕು. ಆ ಗಟಾರ ಮೊದಲೇ ತುಂಬಿರುತ್ತದೆ.

ನೀರಿನ ಜೊತೆ ಬಿಸಿಲಿನ ಮಾತೂ ಇದೆ. ನೇರ ಬಿಸಿಲಿಗೆ ಕೃತಕ ಹುಲ್ಲು ನಿಜವಾದ ಹುಲ್ಲಿಗಿಂತ ಎಷ್ಟೋ ಪಾಲು ಹೆಚ್ಚು ಕಾಯುತ್ತದೆ. ಅಂಚಿನ ಮರಗಳ ನೆರಳೂ ಹೋದರೆ ಏಪ್ರಿಲ್ ಮಧ್ಯಾಹ್ನ ಆ ಅಂಗಳದಲ್ಲಿ ಆಡುವವರು ಯಾರು? ಇನ್ನು ಹುಲ್ಲಿನ ಎಳೆಗಳ ನಡುವೆ ತುಂಬುವ ರಬ್ಬರಿನ ಹರಳುಗಳು. ಮಳೆಗಾಲದಲ್ಲಿ ಅವು ಕೊಚ್ಚಿಹೋಗಿ ನಾಲಾದ ಮೂಲಕ ಖಾಡಿ ಸೇರುತ್ತವೆ. ಇದೇ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2023ರಲ್ಲಿ ಇಂತಹ ಪ್ಲಾಸ್ಟಿಕ್ ಹರಳುಗಳ ಮಾರಾಟಕ್ಕೆ ನಿರ್ಬಂಧ ತಂದು, ಆಟದ ಅಂಗಳಗಳಿಗೆ ಎಂಟು ವರ್ಷಗಳ ಗಡುವು ಕೊಟ್ಟಿದೆ.

ಶಾಲೆಯವರ ಮಾತು

ಶಾಲೆಯವರು ಖಳನಾಯಕರೇನಲ್ಲ. ಅವರ ವಾದವನ್ನು ಪೂರ್ತಿ ಕೇಳಿದ ಮೇಲೆ ನನಗೂ ಉತ್ತರ ಕೊಡುವುದು ಸುಲಭವಾಗಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಮೈದಾನ ಕೆಸರುಗದ್ದೆ, ನಾಲ್ಕು ತಿಂಗಳು ಮಕ್ಕಳಿಗೆ ಆಟವಿಲ್ಲ. ಬೇಸಿಗೆಯಲ್ಲಿ ಧೂಳು, ಬಿದ್ದರೆ ಮೊಣಕಾಲು ಕಿತ್ತುಬರುತ್ತದೆ. ದೀಪವಿದ್ದರೆ ಹೆಣ್ಣುಮಕ್ಕಳು ಸಂಜೆಯೂ ಧೈರ್ಯವಾಗಿ ಅಭ್ಯಾಸ ಮಾಡಬಹುದು. ಫೀಸು ಏರಿಸಿದರೆ ಪಾಲಕರು ಗಲಾಟೆ ಮಾಡುತ್ತಾರೆ, ಬಾಡಿಗೆ ಬಂದರೆ ಕೋಚ್‌ಗೆ ಸಂಬಳ ಕೊಡಬಹುದು. ಇದರಲ್ಲಿ ಒಂದೂ ಸುಳ್ಳಲ್ಲ.

ಆದರೆ ಹೇಳದೆ ಬಿಟ್ಟದ್ದೂ ಇದೆ. ಶಾಲೆ ಬಿಟ್ಟ ಮೇಲೆ ಆ ಅಂಗಳದಲ್ಲಿ ಆಡುತ್ತಿದ್ದವರು ಬರೀ ಅದೇ ಶಾಲೆಯ ಮಕ್ಕಳಲ್ಲ. ಹಿಂದಿನ ಚಾಳಿನ ಹುಡುಗರು, ಟ್ಯಾಗೋರ್ ನಗರದ ಹಳೆಯ ಕಟ್ಟಡಗಳ ಮಕ್ಕಳು ಟೆನಿಸ್ ಚೆಂಡು ಹಿಡಿದು ಗೇಟು ದಾಟಿ ಬರುತ್ತಿದ್ದರು, ವಾಚ್‌ಮನ್ ಕಂಡೂ ಕಾಣದಂತೆ ಇರುತ್ತಿದ್ದ. ಗಂಟೆಗೆ ಬಾಡಿಗೆ ಎಂದಾದ ಮೇಲೆ ಆ ಗೇಟು ಮುಚ್ಚುತ್ತದೆ. ಕಣ್ಣಮ್‌ವಾರ್ ನಗರ, ಟ್ಯಾಗೋರ್ ನಗರಗಳು ಹೌಸಿಂಗ್ ಬೋರ್ಡಿನ ಕಾಲದ ಬಡಾವಣೆಗಳು. ತಗ್ಗು ಕಟ್ಟಡಗಳ ನಡುವೆ ಅಂಗಳ ಬಿಟ್ಟು ಕಟ್ಟಿದಂಥವು. ಈಗ ಒಂದೊಂದಾಗಿ ಪುನರ್‌ನಿರ್ಮಾಣವಾಗಿ ಗೋಪುರಗಳು ಏಳುತ್ತಿವೆ. ಮನೆಗಳ ಸಂಖ್ಯೆ ಹೆಚ್ಚುತ್ತದೆ, ನೆಲ ಹೆಚ್ಚುವುದಿಲ್ಲ. ಇಂಥಲ್ಲಿ ಉಚಿತವಾಗಿದ್ದ ಒಂದು ಅಂಗಳ ಹೋದರೆ ಅದು ಶಾಲೆಯೊಳಗಿನ ವಿಷಯ ಮಾತ್ರ ಆಗಿ ಉಳಿಯುವುದಿಲ್ಲ.

ಯಾರನ್ನು ಕೇಳುವುದು?

ಇಂಗ್ಲೆಂಡಿನಲ್ಲಿ ಶಾಲೆಯೊಂದು ದೀಪದ ಕಂಬ ನೆಟ್ಟು ಕೃತಕ ಅಂಗಳ ಮಾಡಬೇಕಾದರೆ ಸ್ಥಳೀಯ ಯೋಜನಾ ಇಲಾಖೆಯ ಅನುಮತಿ ಬೇಕು. ನೆರೆಯವರಿಗೆ ನೋಟಿಸು ಹೋಗುತ್ತದೆ. ದೀಪ ಎಷ್ಟು ಗಂಟೆಗೆ ಆರಬೇಕು, ಬೇಲಿಯ ಬದಿ ಯಾವ ಗಿಡ ನೆಡಬೇಕು, ನೀರು ಎಲ್ಲಿ ಇಂಗಬೇಕು ಎಂಬ ಷರತ್ತುಗಳನ್ನು ಬರೆದೇ ಅನುಮತಿ ಕೊಡುತ್ತಾರೆ. ಆಟದ ಬಯಲಿಗೆ ಧಕ್ಕೆಯಾಗುವ ಅರ್ಜಿಗಳಲ್ಲಿ ‘ಸ್ಪೋರ್ಟ್ ಇಂಗ್ಲೆಂಡ್’ ಸಂಸ್ಥೆಯ ಅಭಿಪ್ರಾಯ ಕೇಳಲೇಬೇಕೆಂಬ ನಿಯಮ 1996ರಲ್ಲಿ ಬಂತು. ಅಲ್ಲಿಯೂ ಜಗಳಗಳಿವೆ. ಆದರೆ ಅವು ನಡೆಯುವುದು ಕೆಲಸ ಶುರುವಾಗುವ ಮೊದಲು.

ನಮ್ಮಲ್ಲಿ ಎಫ್‌ಎಸ್‌ಐ ಎಂಬ ಮೂರಕ್ಷರಕ್ಕೆ ಇರುವ ಗೌರವ ಮಣ್ಣಿಗಿಲ್ಲ. ಟರ್ಫ್ ಎಫ್‌ಎಸ್‌ಐ ತಿನ್ನುವುದಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗೆಂದು ಬಾಗಿಲುಗಳು ಇಲ್ಲವೇ ಇಲ್ಲ ಎಂದಲ್ಲ. ನಮಗೆ ಉಪಯೋಗಕ್ಕೆ ಬಂದದ್ದು ಮರಗಳು. ಮಹಾರಾಷ್ಟ್ರದ 1975ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ಜಾಗದ ಮರ ಕಡಿಯಲೂ ಅನುಮತಿ ಬೇಕು. ಅರ್ಜಿ ಬಂದಾಗ ಆ ಮರದ ಮೇಲೆಯೇ ನೋಟಿಸು ಅಂಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. 2021ರ ತಿದ್ದುಪಡಿಯ ನಂತರ ಐವತ್ತು ವರ್ಷ ದಾಟಿದ ಮರಕ್ಕೆ ಪಾರಂಪರಿಕ ವೃಕ್ಷದ ಸ್ಥಾನವಿದೆ. ಮರಕ್ಕೆ ಮೊಳೆ ಹೊಡೆದು ತೂಗುಬಿಟ್ಟ ಕಾಗದವನ್ನು ನಾವು ದಿನಾ ದಾಟಿ ಹೋಗುತ್ತೇವೆ, ಓದುವವರು ಕಡಿಮೆ.

ನಾವು ಹತ್ತು ಹನ್ನೆರಡು ಮನೆಯವರು ಅದನ್ನು ಓದಿದೆವು. ಭಾಂಡುಪ್‌ನಲ್ಲಿರುವ ಎಸ್ ವಾರ್ಡ್ ಕಚೇರಿಗೆ ಆಕ್ಷೇಪಣೆ ಬರೆದೆವು. ಮರಾಠಿಯಲ್ಲಿ ಬರೆದುಕೊಟ್ಟವರು ಕೆಳಮನೆಯ ನಿವೃತ್ತ ಶಿಕ್ಷಕಿ. ಹೇಳಿಕೊಳ್ಳಲು ನಮ್ಮ ಕಾರ್ಪೊರೇಟರ್ ಇರಲಿಲ್ಲ. ಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆಡಳಿತಾಧಿಕಾರಿಯ ಕೈಯಲ್ಲೇ ಎಲ್ಲ ಇತ್ತು. ಕಾಗದದ ಜೊತೆಗೆ ಶಾಲೆಯವರ ಹತ್ತಿರವೂ ಕೂತು ಮಾತಾಡಿದೆವು. ಬೇಡ ಎಂದಷ್ಟೇ ಹೇಳಿದ್ದರೆ ಕೆಲಸ ಕೆಡುತ್ತಿತ್ತು. ಅರ್ಧಕ್ಕೆ ಟರ್ಫ್ ಹಾಸಿ, ಅರ್ಧ ಮಣ್ಣಾಗಿಯೇ ಇರಲಿ, ಕೆಳಗೆ ಕಾಂಕ್ರೀಟಿನ ಬದಲು ನೀರಿಳಿಯುವ ಜಲ್ಲಿ ಇರಲಿ, ಅಂಚಿನಲ್ಲಿ ಇಂಗುಗುಂಡಿ ಮಾಡಿ, ಮರದ ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಿ, ದೀಪ ಒಂಬತ್ತೂವರೆಗೆ ಆರಲಿ ಎಂದು ಪಟ್ಟಿ ಕೊಟ್ಟೆವು. ಮರಗಳು ಉಳಿದವು. ಮಣ್ಣಿನ ಅರ್ಧವೂ ಉಳಿಯಿತು. ಬಾಡಿಗೆಯ ವಿಷಯದಲ್ಲಿ ನಮ್ಮ ಮಾತು ನಡೆಯಲಿಲ್ಲ. ಚಾಳಿನ ಹುಡುಗರಿಗೆ ಈಗ ವಾರಕ್ಕೆ ಎರಡು ಸಂಜೆ ಮಾತ್ರ, ಅದೂ ಮಣ್ಣಿನ ಬದಿಯಲ್ಲಿ.

ನಕ್ಷೆಯೇ ಬದಲಾಗುವಾಗ ಕೇಳುವ ದಾರಿ ಇನ್ನೂ ಸ್ಪಷ್ಟ. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 37ನೇ ಕಲಮಿನ ಪ್ರಕಾರ ಮೀಸಲು ಜಾಗದ ಉಪಯೋಗ ಬದಲಿಸುವ ಮೊದಲು ನೋಟಿಸು ಹೊರಡಿಸಿ ಒಂದು ತಿಂಗಳ ಒಳಗೆ ಆಕ್ಷೇಪಣೆ, ಸಲಹೆಗಳನ್ನು ಕರೆಯಬೇಕು. ಇದು ಬರೀ ಶಾಸ್ತ್ರಕ್ಕಲ್ಲ. 2015ರಲ್ಲಿ ಪಾಲಿಕೆ ಹೊರತಂದ ಕರಡು ಅಭಿವೃದ್ಧಿ ಯೋಜನೆ ತಪ್ಪುಗಳಿಂದ ತುಂಬಿತ್ತು. ಸಾವಿರಾರು ಜನ ಪತ್ರ ಬರೆದರು. ಅದೇ ಏಪ್ರಿಲಿನಲ್ಲಿ ಮುಖ್ಯಮಂತ್ರಿ ಅದನ್ನು ಕೈಬಿಡಬೇಕಾಯಿತು. ತಿದ್ದಿದ ಯೋಜನೆ ಜಾರಿಗೆ ಬಂದದ್ದು 2018ರಲ್ಲಿ.

ಪರವೂರಿನಲ್ಲಿರುವ ಕನ್ನಡಿಗರು ಇಂಥ ವಿಷಯಗಳಿಂದ ದೂರ ಉಳಿಯುವುದೇ ಹೆಚ್ಚು. ನಮ್ಮ ಊರಲ್ಲವಲ್ಲ, ನಮಗೇಕೆ ಎಂಬ ಭಾವನೆ. ಆದರೆ ಯೋಚಿಸಿ ನೋಡಿ. ಮುಂಬಯಿಯಲ್ಲಿ ನಮ್ಮ ಸಂಘಗಳ ವಾರ್ಷಿಕ ಕ್ರೀಡಾಕೂಟ, ಯಕ್ಷಗಾನ, ಊಟದ ಪಂಕ್ತಿ ಇವೆಲ್ಲ ನಡೆದುಬಂದದ್ದು ಹೆಚ್ಚಾಗಿ ಶಾಲೆಗಳ ಅಂಗಳದಲ್ಲಿಯೇ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಹಿರಿಯರಿಗೆ ಭಾನುವಾರ ಕಬಡ್ಡಿ ಆಡಲು ಸಿಕ್ಕಿದ್ದೂ ಅಂಥದೇ ಜಾಗ. ನಾವು ಈ ನೆಲದ ಬಳಕೆದಾರರು, ಹಾಗಾಗಿ ಬಾಧ್ಯಸ್ಥರೂ ಹೌದು. ಆಕ್ಷೇಪಣೆ ಬರೆಯಲು ಮತದಾರರ ಚೀಟಿಯನ್ನಾಗಲಿ ಮಾತೃಭಾಷೆಯನ್ನಾಗಲಿ ಯಾರೂ ಕೇಳುವುದಿಲ್ಲ.

ನಿಮ್ಮ ಮಗುವಿನ ಶಾಲೆ ನಾಳೆ ಹೊಸ ಕ್ರೀಡಾ ಸೌಕರ್ಯದ ಚಿತ್ರ ಕಳಿಸಿದರೆ ಸಂತೋಷಪಡಿ. ಆಮೇಲೆ ನಾಲ್ಕು ಪ್ರಶ್ನೆ ಕೇಳಿ. ಮಳೆನೀರು ಎಲ್ಲಿಗೆ ಹೋಗುತ್ತದೆ? ಮರಗಳು ಎಷ್ಟು ಉಳಿಯುತ್ತವೆ? ದೀಪ ಎಷ್ಟು ಗಂಟೆಗೆ ಆರುತ್ತದೆ? ದುಡ್ಡಿಲ್ಲದ ಮಗು ಎಲ್ಲಿ ಆಡುತ್ತದೆ? ಈ ಪ್ರಶ್ನೆಗಳನ್ನು ನಕ್ಷೆ ಕೇಳುವುದಿಲ್ಲ. ಅಲ್ಲಿ ಓಡಾಡುವ ನಾವೇ ಕೇಳಬೇಕು, ಜಲ್ಲಿಯ ಲಾರಿ ಗೇಟಿಗೆ ಬರುವ ಮೊದಲು.