ಎಕ್ಸ್-ರೇಗೆ ಕಾಣದ ನೋವು

ಇಪ್ಪತ್ತೆಂಟು ವರ್ಷ ಕರಿಹಲಗೆಯ ಮೇಲೆ ಬರೆದ ನನ್ನ ಬಲಗೈ ಒಂದು ದಿನ ಮುಷ್ಕರ ಹೂಡಿತು. ಹಲಗೆಯ ಮೇಲ್ತುದಿಗೆ ತೋಳು ಏಳಲೊಲ್ಲದು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರ. ಎಕ್ಸ್-ರೇ ತೆಗೆಸಿದ್ದಾಯಿತು. ‘ನಾರ್ಮಲ್’ ಎಂದು ವರದಿ ಬಂತು. ಮನೆಯವರಿಗೆ ಸಮಾಧಾನ, ಸಹೋದ್ಯೋಗಿಗಳಿಗೆ ಮಾತ್ರ, ಮೇಷ್ಟ್ರು ಮೌಲ್ಯಮಾಪನ ತಪ್ಪಿಸಿಕೊಳ್ಳಲು ನೆಪ ಹುಡುಕಿದ್ದಾರೆಂಬ ಗುಮಾನಿ! ಹತ್ತನೇ ತರಗತಿಯ ಹುಡುಗಿಯೊಬ್ಬಳು ನೇರವಾಗಿಯೇ ಕೇಳಿದಳು: “ಫೋಟೋದಲ್ಲಿ ಏನೂ ಇಲ್ಲ ಅಂದ್ಮೇಲೆ ನೋವು ಎಲ್ಲಿಂದ ಬಂತು ಸಾರ್?”

ಪ್ರಶ್ನೆ ಒಳ್ಳೆಯದೇ. ಎಕ್ಸ್-ರೇ ಎಂಬುದು ಒಂದು ಬಗೆಯ ನೆರಳಿನ ಚಿತ್ರ. 1895ರಲ್ಲಿ ಜರ್ಮನಿಯ ರಾಂಟ್ಜೆನ್ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದಾಗ ಮೂಳೆ, ಉಂಗುರಗಳು ಎದ್ದು ಕಂಡವು. ಮಾಂಸ ಬರೀ ಮಸುಕು ಛಾಯೆ. ಮೂಳೆಯಲ್ಲಿರುವ ಕ್ಯಾಲ್ಸಿಯಂ ಕಿರಣಗಳನ್ನು ಹೆಚ್ಚು ಹೀರುತ್ತದೆ. ಆದ್ದರಿಂದ ಮೂಳೆ ಮುರಿತ, ಕೀಲು ತಪ್ಪಿದ್ದು, ಸವೆತ, ಸ್ನಾಯುರಜ್ಜುವಿನಲ್ಲಿ ಕಟ್ಟಿಕೊಂಡ ಸುಣ್ಣದ ಗಂಟು – ಇವಕ್ಕೆಲ್ಲ ಎಕ್ಸ್-ರೇಯೇ ಸೈ.

ಆದರೆ ಭುಜದ ಕಥೆ ಅಷ್ಟಕ್ಕೇ ಮುಗಿಯದು. ತೋಳುಮೂಳೆಯ ದುಂಡು ತಲೆ ಆಳವಿಲ್ಲದ ತಟ್ಟೆಯಂಥ ಗುಳಿಯಲ್ಲಿ ಕುಳಿತಿದೆ. ಅದನ್ನು ಜಾರದಂತೆ ಹಿಡಿದಿಡುವುದರಲ್ಲಿ ‘ರೊಟೇಟರ್ ಕಫ್’ ಎಂಬ ನಾಲ್ಕು ಸ್ನಾಯುಗಳ ರಜ್ಜುಗಳದು ದೊಡ್ಡ ಪಾತ್ರ. ಹರಿದರೆ ಹೆಚ್ಚಾಗಿ ಹರಿಯುವುದು ಮೇಲ್ಗಡೆಯ ಸುಪ್ರಾಸ್ಪೈನೇಟಸ್‌ನ ರಜ್ಜು. ಎಕ್ಸ್-ರೇಗೆ ಇದು ಕಾಣುವುದೇ ಇಲ್ಲ.

ಕಾಣಿಸುವುದು ಶ್ರವಣಾತೀತ ಧ್ವನಿ. ನಮ್ಮ ಕಿವಿಯ ಮಿತಿ ಸೆಕೆಂಡಿಗೆ 20,000 ಕಂಪನ. ಭುಜಕ್ಕೆ ಬಳಸುವುದು ಸುಮಾರು ಒಂದು ಕೋಟಿ ಕಂಪನದ ಧ್ವನಿ. ಬಾವಿಯಲ್ಲಿ ಕೂಗಿದರೆ ಮಾರ್ದನಿ ಬರುವಂತೆ ಒಳಗಿನ ಪದರ ಪದರದಿಂದಲೂ ಪ್ರತಿಧ್ವನಿ ಮರಳುತ್ತದೆ. ಯಂತ್ರ ಅದನ್ನೇ ಚಿತ್ರವಾಗಿಸುತ್ತದೆ. ಹಚ್ಚುವ ತಣ್ಣನೆಯ ಲೋಳೆ ಔಷಧವಲ್ಲ. ನಡುವೆ ಗಾಳಿ ಉಳಿದರೆ ಧ್ವನಿ ಚರ್ಮದಿಂದಲೇ ವಾಪಸು ಹೋಗುತ್ತದೆ, ಅದಕ್ಕಾಗಿ.

ಸ್ಕ್ಯಾನಿಂಗ್ ಕೋಣೆಯಲ್ಲಿ ಭ್ರೂಣಲಿಂಗ ಪತ್ತೆ ಅಪರಾಧವೆಂಬ ಫಲಕದ ಕೆಳಗೆ ನಾನು ಭುಜ ತೋರಿಸಿ ಕುಳಿತಿದ್ದೆ! “ತೋಳು ಎತ್ತಿ, ಈಗ ಹಿಂದಕ್ಕೆ ತನ್ನಿ” ಎನ್ನುತ್ತಾ ವೈದ್ಯೆ ರಜ್ಜು ಚಲಿಸುವುದನ್ನು ಪರದೆಯಲ್ಲೇ ನೋಡಿದರು. ಇದು ಎಕ್ಸ್-ರೇ ಫಿಲ್ಮಿಗೆ ಸಿಗದ ಅನುಕೂಲ, ವಿಕಿರಣವೂ ಇಲ್ಲ. ಆದರೆ ಮೂಳೆಯ ಮೇಲ್ಮೈ ದಾಟಿ ಈ ಧ್ವನಿ ಒಳಹೊಕ್ಕು ತೋರಿಸಲಾರದು. ಆದ್ದರಿಂದಲೇ ಎಷ್ಟೋ ಸಲ ಎರಡೂ ಬೇಕಾಗುತ್ತವೆ. ನನ್ನ ರಜ್ಜು ಅರ್ಧ ಹರಿದಿತ್ತು.

ಪೋಷಕರಿಗೊಂದು ಮಾತು. ವೈದ್ಯರು ಕೈಯಾಡಿಸಿ ನೋಡುವ ಮೊದಲೇ ಸ್ಕ್ಯಾನಿಂಗ್‌ಗೆ ಓಡಬೇಡಿ. ಅರವತ್ತು ದಾಟಿದವರಲ್ಲಿ ರಜ್ಜು ಹರಿದಿದ್ದರೂ ನೋವೇ ಇಲ್ಲದವರು ಬಹಳ. ಸಕ್ಕರೆ ಕಾಯಿಲೆಯವರನ್ನು ಹೆಚ್ಚಾಗಿ ಕಾಡುವ, ಭುಜ ಬಿಗಿದುಕೊಳ್ಳುವ ತೊಂದರೆಯಲ್ಲಿ ಎಕ್ಸ್-ರೇ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ನನಗೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ನಾಲ್ಕು ತಿಂಗಳ ವ್ಯಾಯಾಮ ಸಾಕಾಯಿತು. ಸ್ಕ್ಯಾನಿಂಗ್ ಚಿತ್ರವನ್ನು ತರಗತಿಗೆ ಒಯ್ದೆ. “ಮೋಡ ಇದ್ದ ಹಾಗಿದೆ ಸಾರ್” ಎಂದಳು ಅದೇ ಹುಡುಗಿ. ಮೋಡದೊಳಗಿನ ಕಪ್ಪು ಬಿರುಕು ತೋರಿಸಿ ಲೆಕ್ಕ ಕೊಟ್ಟೆ: ಧ್ವನಿಯ ವೇಗ ಸೆಕೆಂಡಿಗೆ 1,540 ಮೀಟರ್, ಬಿರುಕಿನ ಆಳ 2 ಸೆಂಟಿಮೀಟರ್, ಪ್ರತಿಧ್ವನಿ ಮರಳಲು ಎಷ್ಟು ಹೊತ್ತು? ಹೋಗಿ ಬರುವ ದೂರ ಎಂಬುದನ್ನು ಮರೆತು ಅರ್ಧ ತರಗತಿ ತಪ್ಪು ಮಾಡಿತು. ಅವಳ ಉತ್ತರ ಮಾತ್ರ ಸರಿಯಿತ್ತು: ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಸುಮಾರು 26 ಭಾಗ.