ಈಜು ಕಲಿಯೋ ಜಾಗದಲ್ಲಿ ಮಗು ಮಾತು ಕೇಳ್ತಿಲ್ವಾ? ಹೊಡೀಬೇಡಿ, ಐದು ನಿಮಿಷ ದಡದಲ್ಲಿ ಕೂರಿಸಿ

ಹೊಸಪೇಟೆ: ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಈಜು ಕಲಿಯಲು ಕರೆದೊಯ್ಯುವ ಪಾಲಕರದ್ದು ಒಂದೇ ದೂರು, 'ನಮ್ಮ ಹುಡುಗ ಹೇಳಿದ್ ಮಾತೇ ಕೇಳಲ್ಲ.' ಕೊಳದ ಸುತ್ತ ಓಡೋದು, ಪಕ್ಕದವರನ್ನ ತಳ್ಳೋದು, ಕಲಿಸುವವರು ಕರೆದರೂ ತಿರುಗಿ ನೋಡದಿರೋದು. ಸಿಟ್ಟಿಗೆ ಎರಡೇಟು ಬೀಳುತ್ತೆ. ಇಲ್ಲವೇ 'ಎತ್ತಿ ನೀರಿಗೆ ಹಾಕ್ರಿ, ತಾನೇ ಕಲೀತಾನ' ಅಂತಾರೆ. ಎರಡೂ ತಪ್ಪು.

ಹೊಡೆತ ತಿಂದ ಮಗು ನೀರಿಗೇ ಹೆದರುತ್ತೆ, ಈಜು ಅಲ್ಲಿಗೇ ನಿಲ್ಲುತ್ತೆ. ನಮ್ಮ ಭಾಗದಲ್ಲಿ ಇದು ಸಣ್ಣ ವಿಷಯ ಅಲ್ಲ. ಹೊಸಪೇಟೆಯಲ್ಲಿ ಟಿಬಿ ಡ್ಯಾಂ, ರಾಯ ಮತ್ತು ಬಸವಣ್ಣ ಕಾಲುವೆ, ಹಂಪಿ, ಕಂಪ್ಲಿಯಲ್ಲಿ ತುಂಗಭದ್ರಾ, ಸಂಡೂರಿನಲ್ಲಿ ನಾರಿಹಳ್ಳ. ಎಲ್ಲಿ ಹೋದರೂ ನೀರು. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು.

ಹಠವೋ, ಭಯವೋ?

ಮೊದಲು ಇದನ್ನ ನೋಡಿ. ಮೆಟ್ಟಿಲು ಬಿಡದೆ ಹಿಡಿದುಕೊಳ್ಳೋದು, ನೀರು ಕಂಡ ಕೂಡಲೇ 'ಹೊಟ್ಟೆ ನೋವು' ಅನ್ನೋದು, ಅಳೋದು ಸಾಮಾನ್ಯವಾಗಿ ಭಯ. ಅದಕ್ಕೆ ಶಿಕ್ಷೆ ಬೇಡ. ಮೊಣಕಾಲು ಮಟ್ಟದ ನೀರಲ್ಲಿ ಆಡಲು ಬಿಡಿ. ನಗುತ್ತಾ ತಳ್ಳೋದು, ಓಡೋದು, ಇನ್ನೊಬ್ಬರ ತಲೆ ಮುಳುಗಿಸೋದು ತುಂಟತನ. ಅದನ್ನ ಆಗಲೇ ತಡೀಬೇಕು.

ತಡೆಯೋದು ಹೇಗೆ?

* ನೀರಿಗೆ ಇಳಿಯುವ ಮೊದಲೇ ಮೂರು ಮಾತು ಹೇಳಿ: ಓಡಬಾರದು, ತಳ್ಳಬಾರದು, ಕರೆದರೆ ನಿಲ್ಲಬೇಕು. ಮಗುವಿನ ಬಾಯಲ್ಲೇ ಒಮ್ಮೆ ಹೇಳಿಸಿ.
* ತಪ್ಪಿದರೆ ಒಂದೇ ಎಚ್ಚರಿಕೆ. ತಳ್ಳಿದರೆ, ಮುಳುಗಿಸಿದರೆ ಅದೂ ಬೇಡ, ತಕ್ಷಣ ಮೇಲೆ ಕರೆಯಿರಿ.
* ನಿಮ್ಮ ಪಕ್ಕ ದಡದಲ್ಲಿ ಕೂರಿಸಿ. ವಯಸ್ಸು ಎಷ್ಟೋ ಅಷ್ಟು ನಿಮಿಷ ಸಾಕು, 5 ವರ್ಷಕ್ಕೆ 5 ನಿಮಿಷ. ಬೈಗುಳ, ಭಾಷಣ ಬೇಡ.
* ಮತ್ತೆ ನೀರಿಗೆ ಬಿಡಿ. ಮತ್ತೆ ಅದೇ ಆಟ ಆಡಿದರೆ ಅವತ್ತಿನ ಪಾಠ ಮುಗಿಸಿ ಮನೆಗೆ ಹೊರಡಿ. 'ನಾಳೆ ಬರೋಣ' ಅಂತ ಹೇಳಿ, ನಾಳೆ ಕರೆತನ್ನಿ. ಪೂರ್ತಿ ಬಿಡಿಸಬೇಡಿ.
* ಮಾತು ಕೇಳಿದ ದಿನ ಅದನ್ನೂ ಹೇಳಿ: 'ಇವತ್ತು ಕರೆದ ಕೂಡ್ಲೇ ನಿಂತೆ, ಶಭಾಷ್.'

ಕಲಿಸುವವರು ಗದರಬಹುದು, ಹೊಡೆಯುವಂತಿಲ್ಲ. ತಮ್ಮ ಸುಪರ್ದಿಯಲ್ಲಿರುವ ಮಗುವನ್ನು ಹಿಂಸಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಅಡಿ 3 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಅಂಥದ್ದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಕಾಲುವೆ, ನದಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಸೆಳವು ಇರುತ್ತೆ, ಎರಡನೇ ಅವಕಾಶ ಕೊಡಲ್ಲ. ಕರೆದರೆ ನಿಲ್ಲದ ಮಗುವನ್ನು ಅಲ್ಲಿ ಇಳಿಸಲೇಬೇಡಿ. ಮುಳುಗುವ ಮಗು ಹೆಚ್ಚಾಗಿ ಕೂಗಲ್ಲ, ಸದ್ದಿಲ್ಲದೆ ಮುಳುಗುತ್ತೆ. ಹಾಗಾಗಿ ಮಗು ನೀರಲ್ಲಿ ಇರುವಷ್ಟು ಹೊತ್ತು ಪಾಲಕರ ಮೊಬೈಲ್ ಜೇಬಲ್ಲೇ ಇರಲಿ.