ಟ್ಯಾಕ್ಸಿ ವ್ಯವಹಾರ: ಹಂಗಾಮಿನ ರಹದಾರಿ, ವರ್ಷಪೂರ್ತಿಯ ರಹದಾರಿ ಮತ್ತು ಪಂಚಾಯಿತಿಯ ಪಾತ್ರ

ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿಯು ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65ಕ್ಕೆ ಬೀದರ್ ಕಡೆಯ ರಸ್ತೆ ಬಂದು ಕೂಡುವ ಸ್ಥಳದಲ್ಲಿದೆ. ಹಿಂದೆ ಹುಮನಾಬಾದ್ ತಾಲ್ಲೂಕಿನಲ್ಲಿದ್ದು ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿರುವ ಈ ಊರಿಗೆ ತೆಲಂಗಾಣದ ಗಡಿಯೂ ದೂರವಿಲ್ಲ. ಮಾಣಿಕನಗರದ ದತ್ತ ಜಯಂತಿ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಬಸವಕಲ್ಯಾಣಕ್ಕೆ ಬರುವ ಶರಣ ಯಾತ್ರಿಕರು, ಮದುವೆಯ ಮುಹೂರ್ತಗಳು ಇವೆಲ್ಲವೂ ಈ ಭಾಗದಲ್ಲಿ ಬಾಡಿಗೆ ವಾಹನಗಳ ಹಂಗಾಮನ್ನು ನಿರ್ಧರಿಸುತ್ತವೆ. ಅಂಗಡಿಯ ಜೊತೆಗೆ ಒಂದು ಕಾರನ್ನು ಬಾಡಿಗೆಗೆ ಬಿಡಬಯಸುವ ವರ್ತಕನ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ: ಅನುಮತಿ ಕೊಡುವವರು ಯಾರು? ಕೆಲವು ತಿಂಗಳಿಗಷ್ಟೇ ಅದನ್ನು ಪಡೆದರೆ ಲಾಭವೇ?

ಪಂಚಾಯಿತಿಯ ಅಧಿಕಾರ ಎಲ್ಲಿಯವರೆಗೆ?

ಇಂಗ್ಲೆಂಡಿನಲ್ಲಿ ಟ್ಯಾಕ್ಸಿಗಳಿಗೆ ಪರವಾನಿಗೆ ನೀಡುವುದು ಸ್ಥಳೀಯ ಕೌನ್ಸಿಲ್‌ಗಳ ಕೆಲಸ. ನಮ್ಮಲ್ಲಿ ಹಾಗಿಲ್ಲ. 1989ರ ಜುಲೈ 1ರಂದು ಜಾರಿಗೆ ಬಂದ 1988ರ ಮೋಟಾರು ವಾಹನಗಳ ಕಾಯ್ದೆಯ ಕಲಂ 66ರಂತೆ, ಬಾಡಿಗೆಗೆ ಓಡುವ ವಾಹನಕ್ಕೆ ಸಾರಿಗೆ ಪ್ರಾಧಿಕಾರದ ರಹದಾರಿ, ಅಂದರೆ ಪರ್ಮಿಟ್, ಬೇಕು. ಗ್ರಾಮ ಪಂಚಾಯಿತಿಯಾಗಲಿ ಪುರಸಭೆಯಾಗಲಿ ಅದನ್ನು ಕೊಡಲಾರದು.

ಆದರೆ ಸ್ಥಳೀಯ ಸಂಸ್ಥೆಗೆ ಪಾತ್ರವೇ ಇಲ್ಲವೆಂದಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಕಲಂ 199ರಡಿ ಗ್ರಾಮ ಪಂಚಾಯಿತಿಯು ಬಸ್, ಟ್ಯಾಕ್ಸಿ ಹಾಗೂ ಆಟೋ ನಿಲ್ದಾಣಗಳ ಮೇಲೆ ಶುಲ್ಕ ವಿಧಿಸಬಹುದು. ಇದಕ್ಕೊಂದು ಷರತ್ತಿದೆ: ಪ್ರಯಾಣಿಕರಿಗೆ ಸಾಕಷ್ಟು ಸೌಕರ್ಯವನ್ನು ಪಂಚಾಯಿತಿ ಒದಗಿಸಿರಬೇಕು. ನೆರಳು, ನೀರು, ಶೌಚಾಲಯಗಳ ಬೇಡಿಕೆಯನ್ನು ಶುಲ್ಕ ಕಟ್ಟುವವರು ಈ ಆಧಾರದ ಮೇಲೆಯೇ ಮುಂದಿಡಬಹುದು. ವಾಹನಗಳು ಎಲ್ಲಿ ನಿಲ್ಲಬೇಕೆಂಬುದನ್ನು ಮೋಟಾರು ವಾಹನಗಳ ಕಾಯ್ದೆಯ ಕಲಂ 117ರಂತೆ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಪಡಿಸಲಾಗುತ್ತದೆ. ಒಟ್ಟಿನಲ್ಲಿ, ಪಂಚಾಯಿತಿಯ ರಸೀದಿ ನಿಲ್ಲುವ ಜಾಗಕ್ಕೆ ಸಂಬಂಧಿಸಿದ್ದು, ಓಡುವ ಹಕ್ಕಿಗಲ್ಲ.

ವರ್ಷಪೂರ್ತಿಯ ರಹದಾರಿ

ಚಾಲಕನನ್ನು ಬಿಟ್ಟು ಆರು ಮಂದಿಯವರೆಗೆ ಸಾಗಿಸುವ ಬಾಡಿಗೆ ವಾಹನ ಮೋಟಾರು ಕ್ಯಾಬ್. ಆರಕ್ಕಿಂತ ಹೆಚ್ಚು, ಹನ್ನೆರಡರವರೆಗೆ ಸಾಗಿಸುವುದು ಮ್ಯಾಕ್ಸಿ ಕ್ಯಾಬ್. ಇವೆರಡೂ ಒಪ್ಪಂದ ವಾಹನಗಳ ವರ್ಗಕ್ಕೆ ಸೇರುತ್ತವೆ. ಇವುಗಳ ಸಾಮಾನ್ಯ ರಹದಾರಿಯ ಅವಧಿ ಐದು ವರ್ಷ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಕನಿಷ್ಠ 15 ದಿನ ಮುಂಚಿತವಾಗಿ ಸಲ್ಲಿಸತಕ್ಕದ್ದು. ಜಾತ್ರೆ ನಡೆಯುವ ಸ್ಥಳವು ರಹದಾರಿಯ ವ್ಯಾಪ್ತಿಯೊಳಗಿದ್ದರೆ ಮತ್ತೊಂದು ಅನುಮತಿಯ ಅಗತ್ಯವಿಲ್ಲ.

ಹಂಗಾಮಿನ ರಹದಾರಿ

ಹಂಗಾಮಿನ ವ್ಯವಹಾರವನ್ನು ಕಾನೂನು ಮರೆತಿಲ್ಲ. ಜಾತ್ರೆ ಹಾಗೂ ಧಾರ್ಮಿಕ ಸಮಾವೇಶಗಳಿಗೆ ಜನರನ್ನು ಕರೆದೊಯ್ಯಲು, ಹಂಗಾಮಿನ ವ್ಯಾಪಾರಕ್ಕೆ, ಅಥವಾ ನಿರ್ದಿಷ್ಟ ತಾತ್ಕಾಲಿಕ ಅಗತ್ಯಕ್ಕಾಗಿ ಕಲಂ 87ರಡಿ ತಾತ್ಕಾಲಿಕ ರಹದಾರಿ ದೊರೆಯುತ್ತದೆ. ಅದರ ಗರಿಷ್ಠ ಅವಧಿ ನಾಲ್ಕು ತಿಂಗಳು.

ರಾಜ್ಯದ ಗಡಿ ದಾಟುವ ಪ್ರವಾಸಿ ವಾಹನಗಳಿಗೆ ಅಖಿಲ ಭಾರತ ಪ್ರವಾಸಿ ರಹದಾರಿ ಇದೆ. ಪ್ರವಾಸದ ಹಂಗಾಮು ಚಿಕ್ಕದಿರುವ ಪ್ರದೇಶಗಳನ್ನೂ ಬಂಡವಾಳ ಕಡಿಮೆಯಿರುವ ಮಾಲೀಕರನ್ನೂ ಗಮನದಲ್ಲಿರಿಸಿ, 2021ರ ನಿಯಮಗಳು ಮೂರು ತಿಂಗಳ ಅಥವಾ ಅದರ ಗುಣಕಗಳ ಅವಧಿಗೆ, ಒಮ್ಮೆಗೆ ಮೂರು ವರ್ಷ ಮೀರದಂತೆ, ಇದನ್ನು ಪಡೆಯಲು ಅವಕಾಶ ಕಲ್ಪಿಸಿದ್ದವು. ಅವುಗಳ ಸ್ಥಾನದಲ್ಲಿ 2023ರ ಮೇ 1ರಿಂದ ಹೊಸ ನಿಯಮಗಳು ಜಾರಿಗೆ ಬಂದಿರುವುದರಿಂದ, ಅರ್ಜಿದಾರರು ಹಳೆಯ ಶುಲ್ಕದ ಪಟ್ಟಿಯನ್ನು ನಂಬಿ ಲೆಕ್ಕ ಹಾಕಬಾರದು.

ಉಳಿತಾಯ ಎಷ್ಟರಮಟ್ಟಿಗೆ?

ಇಲ್ಲಿಯೇ ಹಲವರು ಎಡವುತ್ತಾರೆ. ಹಂಗಾಮಿಗೆ ಸೀಮಿತವಾಗುವುದು ರಹದಾರಿ ಮಾತ್ರ, ವಾಹನವಲ್ಲ. ಸ್ವಂತ ಬಳಕೆಗೆಂದು ನೋಂದಣಿಯಾದ ಬಿಳಿ ಬೋರ್ಡಿನ ಕಾರಿಗೆ ಜಾತ್ರೆಯ ತಿಂಗಳಲ್ಲಿ ಮಾತ್ರ ಟ್ಯಾಕ್ಸಿಯಾಗುವ ಅವಕಾಶವಿಲ್ಲ. ಮೊದಲು ಅದು ಸಾರಿಗೆ ವಾಹನವಾಗಿ ನೋಂದಣಿಯಾಗಿ ಹಳದಿ ಬೋರ್ಡ್ ಪಡೆಯಬೇಕು. ಆ ಬಳಿಕ ತೆರಿಗೆ, ಅರ್ಹತಾ ಪತ್ರ ಮತ್ತು ವಾಣಿಜ್ಯ ವಿಮೆಯ ಹೊಣೆ ಹಂಗಾಮು ಮುಗಿದ ಮೇಲೂ ಮುಂದುವರಿಯುತ್ತದೆ. ಆದುದರಿಂದ ಹೋಲಿಸಬೇಕಾದದ್ದು ಎರಡು ರಹದಾರಿಗಳ ಶುಲ್ಕವನ್ನಲ್ಲ. ಹಂಗಾಮಿನ ಆದಾಯವನ್ನು ವರ್ಷದ ಒಟ್ಟು ಖರ್ಚಿನೊಡನೆ. ಈಗಾಗಲೇ ಹಳದಿ ಬೋರ್ಡಿನ ವಾಹನವಿದ್ದು, ಕೆಲವು ದಿನ ಮಾತ್ರ ರಹದಾರಿಯ ವ್ಯಾಪ್ತಿಯಾಚೆಗೆ ಹೋಗಬೇಕಾದವರಿಗೆ ತಾತ್ಕಾಲಿಕ ರಹದಾರಿ ಅನುಕೂಲ. ಹೊಸದಾಗಿ ಈ ವ್ಯವಹಾರಕ್ಕೆ ಇಳಿಯುವವರಿಗೆ ಐದು ವರ್ಷದ ರಹದಾರಿಯೇ ಲೇಸು.

ವಿದ್ಯುತ್‌ಚಾಲಿತ ಸಾರಿಗೆ ವಾಹನಗಳಿಗೆ ಕೇಂದ್ರ ಸರ್ಕಾರವು 2018ರ ಅಕ್ಟೋಬರ್‌ನಲ್ಲಿ ರಹದಾರಿಯಿಂದ ವಿನಾಯಿತಿ ನೀಡಿತು. ಆದರೆ ನೋಂದಣಿ, ಅರ್ಹತಾ ಪತ್ರ, ವಿಮೆ ಇವುಗಳಿಂದ ಅಂಥ ವಾಹನಗಳಿಗೂ ಬಿಡುಗಡೆಯಿಲ್ಲ.

ರಹದಾರಿಯಿಲ್ಲದಿದ್ದರೆ

2019ರ ತಿದ್ದುಪಡಿಯ ನಂತರ, ರಹದಾರಿಯಿಲ್ಲದೆ ಓಡಿಸಿದರೆ ಮೊದಲ ಅಪರಾಧಕ್ಕೇ ಆರು ತಿಂಗಳವರೆಗೆ ಸೆರೆವಾಸ ಹಾಗೂ 10,000 ರೂಪಾಯಿ ದಂಡವನ್ನು ಕಲಂ 192-ಎ ವಿಧಿಸುತ್ತದೆ. ಆದರೆ ಇದಕ್ಕಿಂತ ದೊಡ್ಡ ಅಪಾಯ ವಿಮೆಯದು. ರಹದಾರಿಯಿಲ್ಲದೆ ವಾಹನ ಓಡಿಸುವುದು ವಿಮೆಯ ಷರತ್ತಿನ ಮೂಲಭೂತ ಉಲ್ಲಂಘನೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಆ ಪ್ರಕರಣದಲ್ಲಿ ವಿಮಾ ಕಂಪನಿಯು ಸಂತ್ರಸ್ತರಿಗೆ ಪರಿಹಾರ ಕೊಟ್ಟು, ನಂತರ ಆ ಹಣವನ್ನು ಮಾಲೀಕರಿಂದಲೂ ಚಾಲಕರಿಂದಲೂ ವಸೂಲು ಮಾಡಿಕೊಳ್ಳಬಹುದೆಂಬ ಆದೇಶ ಉಳಿಯಿತು. ಅಂದರೆ ಒಂದು ಅಪಘಾತದ ಭಾರ ಅಂಗಡಿ, ಮನೆ, ಹೊಲಗಳ ಮೇಲೆ ಬೀಳಬಲ್ಲದು.

ಚಾಲಕರ ಲೈಸೆನ್ಸಿನ ಬಗೆಗಿದ್ದ ಗೊಂದಲವನ್ನು ಅದೇ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಪರಿಹರಿಸಿದೆ. ಲಘು ಮೋಟಾರು ವಾಹನದ ಲೈಸೆನ್ಸ್ ಹೊಂದಿದವರು 7,500 ಕಿಲೋಗ್ರಾಂಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನು ಬೇರೆ ಅನುಮೋದನೆಯಿಲ್ಲದೆ ಓಡಿಸಬಹುದು.

ಬಾಡಿಗೆಗೆ ವಾಹನ ಪಡೆಯುವ ವರ್ತಕರು ಹಾಗೂ ಸಣ್ಣ ಕೈಗಾರಿಕೆಯವರು ಗ್ರಾಹಕರನ್ನೋ ಕೆಲಸಗಾರರನ್ನೋ ಕಳುಹಿಸುವ ಮೊದಲು ನೋಂದಣಿ ಸಂಖ್ಯೆಯನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಪರೀಕ್ಷಿಸಿ, ವಿಮೆ ಮತ್ತು ಅರ್ಹತಾ ಪತ್ರಗಳ ಅವಧಿಯನ್ನು ನೋಡಿಕೊಳ್ಳುವುದು ಒಳಿತು. ರಹದಾರಿಯನ್ನು ಮಾಲೀಕರಿಂದಲೇ ಕೇಳಿ ಪಡೆಯಬೇಕು. ಅದರಲ್ಲಿ ನಮೂದಾಗಿರುವ ಅವಧಿ ಮತ್ತು ವ್ಯಾಪ್ತಿ ಎರಡನ್ನೂ ಓದತಕ್ಕದ್ದು. ಮನ್ನಾಏಖೇಳ್ಳಿಯಿಂದ ಹೊರಟ ಗಾಡಿ ಅರ್ಧ ದಾರಿಯಲ್ಲೇ ಜಹೀರಾಬಾದಿನ ಕಡೆಗೆ ತಿರುಗಬೇಕಾಗಿ ಬಂದಾಗ ಎರಡನೆಯದೇ ಮುಖ್ಯವಾಗುತ್ತದೆ.